20 ಇಂಚಿನ ಮಡಚುವ ಸೈಕಲ್ ಮೆಟ್ರೋದೊಳಗೆ ಹೋಗುತ್ತಾ?

20 ಇಂಚಿನ ಮಡಚುವ ಸೈಕಲ್ ಕೊಂಡು ನಮ್ಮ ಮೆಟ್ರೋದಲ್ಲಿ ಆಫೀಸಿಗೆ ಒಯ್ಯಬಹುದಾ ಅಂತ ಕೇಳಿದ್ದೀರಿ. ದುಡ್ಡು ಕೊಡುವ ಮುಂಚೆ ಟೇಪ್ ಹಿಡಿದು ಅಳೆಯಿರಿ. 2020ರ ನವೆಂಬರ್‌ನಲ್ಲಿ ಮೆಟ್ರೋದವರು ಅನುಮತಿ ಕೊಟ್ಟಾಗ ಹಾಕಿದ ಮಿತಿ 60×45×25 ಸೆಂ.ಮೀ., ತೂಕ 15 ಕೆಜಿ. ಸೈಕಲ್ ಚೀಲದೊಳಗಿರಬೇಕು, ಕೊನೆಯ ಬೋಗಿಗೇ ಹತ್ತಬೇಕು ಅಂತಲೂ ಆಗ ಹೇಳಿದ್ದರು. ತೂಕಕ್ಕಿಂತ ಅಳತೆಯೇ ಜಾಸ್ತಿ ತೊಡಕು. 20 ಇಂಚಿನ ಚಕ್ರ ಟಯರ್ ಸೇರಿ ಸುಮಾರು 50 ಸೆಂ.ಮೀ. ಆಗುತ್ತೆ, ಎಷ್ಟೇ ಚೆನ್ನಾಗಿ ಮಡಚಿದರೂ 45ರೊಳಗೆ ಕೂರುವುದಿಲ್ಲ ಅಲ್ವಾ? 16 ಇಂಚಿನ ಚಕ್ರದ ಬ್ರಾಂಪ್ಟನ್ ಕಂಪನಿಯ ಮಡಚುವ ಸೈಕಲ್ ಕೂಡ ಮಡಚಿದಾಗ ಸುಮಾರು 65×59×27 ಸೆಂ.ಮೀ. ಹಾಗಾಗಿ ಮೊದಲು ನೀವು ಹತ್ತುವ, ಇಳಿಯುವ ಎರಡೂ ಸ್ಟೇಷನ್‌ನಲ್ಲಿ ಇಂಥ ಸೈಕಲ್ ಬಿಡ್ತಾರಾ ಅಂತ ಕೇಳಿಕೊಂಡು ಬನ್ನಿ. ಕೊಳ್ಳುವುದಾದರೆ ಮಡಚಿದಾಗ ಚೈನ್ ಒಳಬದಿಗೆ ಬರುವಂಥದ್ದನ್ನೇ ನೋಡಿ. ರಶ್‌ನಲ್ಲಿ ಪಕ್ಕದವರ ಬಟ್ಟೆಗೆ ಎಣ್ಣೆ ಮೆತ್ತಬಾರದು.