ಮೂರನೇ ಗೇಮಿನಲ್ಲಿ ಕುಸಿಯುವ ಮಗಳು

ಉಡುಪಿಯಿಂದ ತಾಯಿಯೊಬ್ಬರ ಪತ್ರ: "ಮಗಳಿಗೆ ಹದಿನಾಲ್ಕು. ಆರು ವರ್ಷ ಶಟಲ್ ಆಡಿದವಳು, ಕಳೆದ ವರ್ಷದಿಂದ ಮಣಿಪಾಲಕ್ಕೆ ಹೋಗಿ ಸ್ಕ್ವಾಷ್ ಆಡುತ್ತಿದ್ದಾಳೆ. ಇದನ್ನೇ ವೃತ್ತಿ ಮಾಡಿಕೊಳ್ಳುತ್ತೇನೆ ಅನ್ನುತ್ತಾಳೆ. ಎರಡು ಗೇಮ್ ಚೆನ್ನಾಗಿ ಆಡಿ ಮೂರನೆಯದರಲ್ಲಿ ಕುಸಿಯುತ್ತಾಳೆ. ಸ್ಟ್ಯಾಮಿನಾ ಸಾಲದೆಂದು ದಿನಾ ಬೆಳಿಗ್ಗೆ ಐದು ಕಿಲೋಮೀಟರ್ ಓಡಿಸುತ್ತಿದ್ದೇವೆ. ಮಳೆಗಾಲದಲ್ಲಂತೂ ಚೆಂಡು ಏಳುವುದೇ ಇಲ್ಲ ಎಂಬ ದೂರು ಬೇರೆ. ಚೆನ್ನೈಗೆ ಕಳಿಸಬೇಕೇ?"

ಓಟ ನಿಲ್ಲಿಸಬೇಕಾಗಿಲ್ಲ. ಆದರೆ ತೊಂದರೆ ಇರುವುದು ಉಸಿರಿನಲ್ಲಿ ಅಲ್ಲ, ಚೆಂಡು ಬೀಳುವ ಜಾಗದಲ್ಲಿ ಎಂದು ನಮ್ಮ ಅನುಮಾನ. ಸ್ಕ್ವಾಷ್ ಎಂದರೆ ನಾಲ್ಕು ಗೋಡೆಗಳೊಳಗೆ ಇಬ್ಬರೂ ಒಂದೇ ಜಾಗದಲ್ಲಿ ನಿಂತು, ಎದುರು ಗೋಡೆಗೆ ಸರದಿಯಂತೆ ಚೆಂಡು ಹೊಡೆಯುವ ಆಟ. ಪರೀಕ್ಷಿಸುವುದು ಸುಲಭ. ಚೆಂಡಿಲ್ಲದೆ ಘೋಸ್ಟಿಂಗ್ ಮಾಡಿಸಿ: ನಡುವಿನ ಟಿಯಿಂದ (ನೆಲದ ಗೆರೆಗಳು T ಆಕಾರದಲ್ಲಿ ಕೂಡುವ ಜಾಗ) ಹೊರಟು ಆರು ಮೂಲೆಗಳಲ್ಲಿ (ಮುಂದೆ ಎರಡು, ಬದಿಗೆ ಎರಡು, ಹಿಂದೆ ಎರಡು) ಒಂದನ್ನು ಮುಟ್ಟಿ, ಹೊಡೆತ ಬೀಸಿ, ಮತ್ತೆ ಟಿಗೆ. 45 ಸೆಕೆಂಡ್ ಆಟ, 45 ಸೆಕೆಂಡ್ ವಿಶ್ರಾಂತಿ, ಹೀಗೆ ಹತ್ತು ಸುತ್ತು. ಪ್ರತಿ ಸುತ್ತಿನಲ್ಲೂ ಎಷ್ಟು ಮೂಲೆ ಮುಟ್ಟಿದಳು ಎಂದು ಬರೆದಿಡಿ. ಹತ್ತನೆಯ ಸುತ್ತಿನ ಲೆಕ್ಕ ಮೊದಲನೆಯದಕ್ಕಿಂತ ತುಂಬಾ ಇಳಿದರೆ ನೀವು ಹೇಳಿದ್ದೇ ಸರಿ. ಹೆಚ್ಚುಕಡಿಮೆ ಅಷ್ಟೇ ಇದ್ದರೆ ಒಂದು ಪಂದ್ಯವನ್ನು ಹಿಂದಿನಿಂದ ಫೋನಿನಲ್ಲಿ ಚಿತ್ರೀಕರಿಸಿ, ಅವಳ ಡ್ರೈವ್‌ಗಳ (ಬದಿಗೋಡೆಯ ಪಕ್ಕದಲ್ಲೇ ಹಿಂದಕ್ಕೆ ಕಳಿಸುವ ಹೊಡೆತಗಳ) ಮೊದಲ ಪುಟಿತ ಎಲ್ಲಿ ಎಂದು ಎಣಿಸಿ. ಸರ್ವಿಸ್ ಬಾಕ್ಸಿನ (ಸರ್ವ್ ಮಾಡುವಾಗ ನಿಲ್ಲುವ ಚೌಕ) ಹಿಂದಿನ ಗೆರೆ ಎದುರು ಗೋಡೆಯಿಂದ ಸುಮಾರು ಏಳು ಮೀಟರ್, ಹಿಂಗೋಡೆಯಿಂದ ಸುಮಾರು 2.7 ಮೀಟರ್. ಚೆಂಡು ಅದರ ಆಚೆ ಬಿದ್ದರೆ ಎದುರಾಳಿ ಟಿ ಬಿಟ್ಟು ಹಿಂದೆ ಹೋಗಲೇಬೇಕು. ಈಚೆ ಬಿದ್ದರೆ ಆಕೆ ನಿಂತಲ್ಲಿಂದಲೇ ಹೊಡೆಯುತ್ತಾಳೆ, ಓಡುವವಳು ನಿಮ್ಮ ಮಗಳು. ಹೀಗೆ ಎರಡು ಗೇಮ್ ಓಡಿದವಳು ಮೂರನೆಯದರಲ್ಲಿ ಸುಸ್ತಾಗದೆ ಇನ್ನೇನಾದಾಳು?

ಚೆಂಡು ಹೀಗೆ ಗೆರೆಯ ಈಚೆಯೇ ಬೀಳುವುದಕ್ಕೆ ಮುಖ್ಯ ಕಾರಣ ಶಟಲಿನ ಕೈ. ಆ ರ‍್ಯಾಕೆಟ್ ನೂರು ಗ್ರಾಮಿಗಿಂತ ಕಡಿಮೆ, ಮಣಿಕಟ್ಟು ತಿರುಗಿಸಿದರೆ ಸಾಕು. ಸ್ಕ್ವಾಷ್‌ನದು ತಂತಿ ಹಾಕುವ ಮೊದಲೇ 110ರಿಂದ 140 ಗ್ರಾಮ್. ಚೆಂಡು 24 ಗ್ರಾಮಿನ ಮೆತ್ತನೆಯ ರಬ್ಬರು. ಇಲ್ಲಿ ಮಣಿಕಟ್ಟನ್ನು ಮೇಲಕ್ಕೆ ಎತ್ತಿ ಗಟ್ಟಿಯಾಗಿಟ್ಟು, ಮುಂದೋಳು ಮತ್ತು ಭುಜದಿಂದ ಬೀಸಬೇಕು. ಮಣಿಕಟ್ಟಿನಿಂದಲೇ ಚಿಮ್ಮಿಸಿದರೆ ಚೆಂಡು ಗಿಡ್ಡವಾಗುತ್ತದೆ, ಮೊಣಕೈ ನೋವೂ ಬರಬಹುದು.

ಕಾಲಿನ ಅಭ್ಯಾಸವೂ ಅಲ್ಲಿಯದೇ. ಶಟಲಿನಲ್ಲಿ ನಡುವೆ ನೆಟ್ ಇರುವುದರಿಂದ ಯಾರಿಗೂ ದಾರಿ ಬಿಡಬೇಕಾಗಿಲ್ಲ. ಇಲ್ಲಿ ಹೊಡೆದು ಸರಳರೇಖೆಯಲ್ಲಿ ಟಿಗೆ ಹಿಂತಿರುಗಿದರೆ ಎದುರಾಳಿಗೆ ಅಡ್ಡ ಬರುತ್ತಾಳೆ, ರೆಫರಿ ಎದುರಾಳಿಗೆ ಸ್ಟ್ರೋಕ್ ಕೊಟ್ಟರೆ ಪಾಯಿಂಟ್ ಹೋಯಿತು. ಹಿಂದಿನ ಎಡಮೂಲೆಯನ್ನೇ ನೋಡಿ. ಬಲಗೈ ಆಟಗಾರ್ತಿಯ ಕೊನೆಯ ಹೆಜ್ಜೆ ಬಲಗಾಲು, ಹಿಮ್ಮಡಿ ಮೊದಲು ಊರಬೇಕು. ಚೆಂಡು ಮೈಗೆ ಅಂಟದೆ ಒಂದು ತೋಳು, ಒಂದು ರ‍್ಯಾಕೆಟಿನಷ್ಟು ದೂರ ಇರಬೇಕು. ಹೊಡೆದ ತಕ್ಷಣ ಮುಂದಿನ ಕಾಲಿನಿಂದಲೇ ನೆಲ ಒದ್ದು, ಬಿಲ್ಲಿನಂತೆ ಬಳಸಿ ಟಿಗೆ. ಚೆಂಡು ಗೋಡೆಗೆ ಅಂಟಿಕೊಂಡು ಹೋದರೆ ಇದಕ್ಕೆಲ್ಲ ಸಮಯವಿದೆ. ನಡುವಿಗೆ ಬಂದರೆ ಇಲ್ಲ.

ಹಾಗಾಗಿ ದಿನಕ್ಕೆ ನಲವತ್ತು ನಿಮಿಷ ಒಬ್ಬಳೇ ಕೋರ್ಟಿಗಿಳಿಯಲಿ. ಸರ್ವಿಸ್ ಬಾಕ್ಸಿನ ಹಿಂದೆ ಎರಡೂ ಬದಿ ಒಂದೊಂದು ಬೈರಾಸು (ಟವೆಲ್) ಹಾಸಿ. ಡ್ರೈವ್ ಎದುರು ಗೋಡೆಯ 1.78 ಮೀಟರಿನ ಸರ್ವಿಸ್ ಗೆರೆಗಿಂತ ಮೇಲೆ ತಾಗಿ ಬೈರಾಸಿನ ಮೇಲೆ ಬೀಳಲಿ. ಬದಿಗೆ ಐವತ್ತು ಸರಿಯಾಗುವವರೆಗೆ ಬೇರೇನೂ ಬೇಡ. ಡ್ರಾಪ್ (ಎದುರು ಗೋಡೆಯ ಹತ್ತಿರ ಬೀಳಿಸುವ ಮೆದು ಹೊಡೆತ), ವಾಲಿ (ಪುಟಿಯುವ ಮೊದಲೇ ಹೊಡೆಯುವುದು) ಆಮೇಲೆ. ಬೇಸರದ ಕೆಲಸ, ನಿಜ. ವೃತ್ತಿ ಆಟಗಾರರ ದಿನದಲ್ಲಿ ದೊಡ್ಡ ಪಾಲು ಇಂಥದ್ದೇ.

ಮಳೆಗಾಲದ ದೂರಿನಲ್ಲಿ ಸತ್ಯವಿದೆ. ಪಂದ್ಯಗಳಲ್ಲಿ ಬಳಸುವ ಎರಡು ಹಳದಿ ಚುಕ್ಕಿಯ ಚೆಂಡು ಸುಮಾರು 45 ಡಿಗ್ರಿಗೆ ಬಿಸಿಯಾದ ಮೇಲಷ್ಟೇ ಸರಿಯಾಗಿ ಪುಟಿಯುತ್ತದೆ. ಆಟಿಯಲ್ಲಿ ಇನ್ನೊಂದು ಕಾಟ: ತಂಪಾದ ಗೋಡೆಗೆ ನಮ್ಮ ಊರಿನ ಒದ್ದೆ ಗಾಳಿ ತಾಗಿ, ಫ್ರಿಜ್ಜಿನಿಂದ ತೆಗೆದ ಚೊಂಬಿನಂತೆ ಗೋಡೆ ಬೆವರುತ್ತದೆ. ಆಗ ಚೆಂಡು ಜಾರಿ ಕೆಳಕ್ಕೇ ಹೋಗುತ್ತದೆ. ರಾತ್ರಿಯಿಡೀ ಏಸಿ ಹಾಕಿ ಬೆಳಿಗ್ಗೆ ಬಾಗಿಲು ತೆರೆದಿಟ್ಟರಂತೂ ಕೇಳುವುದೇ ಬೇಡ. ಒರೆಸಿದರೂ ನೆಲ ಒಣಗದಿದ್ದರೆ ಅಂದಿನ ಆಟ ಬಿಡಿ. ಲಂಜ್ ಮಾಡುವಾಗ (ಕಾಲು ಮುಂದೆ ಚಾಚಿ ಬಾಗುವಾಗ) ಜಾರಿದರೆ ತಿಂಗಳುಗಟ್ಟಲೆ ಮನೆ.

ಸೆಕೆಯಲ್ಲಿ ಎಷ್ಟು ಬೆವರುತ್ತಾಳೆಂದು ತಿಳಿಯಲು ಆಟದ ಮೊದಲು ಮತ್ತು ನಂತರ ತೂಕ ನೋಡಿ. ಒಂದು ಕಿಲೋ ಇಳಿದಿದ್ದರೆ ಸುಮಾರು ಒಂದು ಲೀಟರ್ ನೀರು ಹೋಗಿದೆ ಎಂದರ್ಥ. ಬೊಂಡ (ಎಳನೀರು) ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆ. ಉಪ್ಪು ಹಾಕಿದ ಕುಚ್ಚಲಕ್ಕಿ ಗಂಜಿ ತಿಳಿ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ.

ಇನ್ನು ಚೆನ್ನೈ. ಇಂಡಿಯನ್ ಸ್ಕ್ವಾಷ್ ಅಕಾಡೆಮಿ ಇರುವುದು ಅಲ್ಲಿ. ವಿಶ್ವದ ಮೊದಲ ಹತ್ತರೊಳಗೆ ಬಂದ ಜೋಶ್ನಾ ಚಿನ್ನಪ್ಪ, ದೀಪಿಕಾ ಪಲ್ಲಿಕಲ್ ಇಬ್ಬರೂ ಅದೇ ಊರಿನವರು. ಆದರೂ ಈಗಲೇ ಮನೆ ಬಿಡಿಸಬೇಡಿ. ರಜೆಯಲ್ಲಿ ಎರಡು ವಾರ ತರಬೇತಿಗೆ ಕಳಿಸಿ, ರಾಷ್ಟ್ರೀಯ ಜೂನಿಯರ್ ಟೂರ್ನಿಗಳನ್ನು ಆಡಿಸಿ, ತನ್ನ ವಯೋಮಿತಿಯಲ್ಲಿ ಎಲ್ಲಿದ್ದಾಳೆಂದು ನೋಡಿ, ಆಮೇಲೆ ತೀರ್ಮಾನಿಸಿ. ದುಡ್ಡಿನ ವಿಷಯ ಮುಚ್ಚಿಡುವುದಿಲ್ಲ: ವೃತ್ತಿಪರ ಸ್ಕ್ವಾಷ್ ನಡೆಸುವ ಪಿಎಸ್‌ಎ ಸಂಸ್ಥೆಯ ಟೂರ್ನಿಗಳ ಕೆಳಮೆಟ್ಟಿಲುಗಳಲ್ಲೊಂದಾದ ಚಾಲೆಂಜರ್ 3ರಲ್ಲಿ ಇಡೀ ಡ್ರಾಗೆ ಸೇರಿ ಬಹುಮಾನ ಸುಮಾರು ಮೂರು ಸಾವಿರ ಡಾಲರ್. ಮೊದಲ ಸುತ್ತಿನಲ್ಲಿ ಸೋತವರಿಗೆ ಸಿಗುವುದು ವಿಮಾನದ ಟಿಕೆಟಿಗೂ ಸಾಲದು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಸ್ಕ್ವಾಷ್ ಸೇರಿದ ಮೇಲೆ ಪ್ರಾಯೋಜಕರ ಗಮನ ಸ್ವಲ್ಪ ಇತ್ತ ತಿರುಗಬಹುದು. ಅದನ್ನು ನಂಬಿ ಪಿಯುಸಿ ಬಿಡಿಸುವುದು ಬೇಡ.

ನೀವು ಕೇಳದ ಒಂದು ಮಾತು. ಪತ್ರದ ಜೊತೆ ಕಳಿಸಿದ ಫೋಟೋದಲ್ಲಿ ಅವಳ ಕಣ್ಣಿಗೆ ಗಾಗಲ್ ಇಲ್ಲ. ಚೆಂಡಿನ ಅಡ್ಡಳತೆ 40 ಮಿಲಿಮೀಟರ್, ಕಣ್ಣಿನ ಗುಳಿಯೊಳಗೆ ಹೋಗುವ ಗಾತ್ರ. ಟೆನಿಸ್ ಚೆಂಡಾದರೆ ಸುತ್ತಲಿನ ಎಲುಬು ಬಹಳಷ್ಟು ತಡೆಯುತ್ತದೆ, ಇದನ್ನು ಅಷ್ಟು ತಡೆಯುವುದಿಲ್ಲ. ಸಾಮಾನ್ಯ ಕನ್ನಡಕ ಒಡೆದು ಇನ್ನಷ್ಟು ಅಪಾಯ. ಪಾಲಿಕಾರ್ಬೊನೇಟ್ (ಗಟ್ಟಿ ಪ್ಲಾಸ್ಟಿಕ್) ಲೆನ್ಸಿನ ಸ್ಕ್ವಾಷ್ ಗಾಗಲ್ಲೇ ಬೇಕು. ಜೂನಿಯರ್ ಟೂರ್ನಿಗಳಲ್ಲಿ ಹೇಗೂ ಕಡ್ಡಾಯ. ನಾಳೆಯ ಅಭ್ಯಾಸಕ್ಕೆ ಮೊದಲೇ ತೆಗೆದುಕೊಡಿ.