ಪ್ರತಿಕ್ರಿಯೆ: ಪಿಎಚ್‌ಡಿ ಥೀಸಿಸ್‌ನಲ್ಲಿ ಶೇ. 34 ಹೋಲಿಕೆ, ಗೈಡ್ ಸಹಿ ಹಾಕುತ್ತಿಲ್ಲ

ಕೃತಿಚೌರ್ಯ ತಪಾಸಣೆಯಲ್ಲಿ ನಿಮ್ಮ ಥೀಸಿಸ್‌ಗೆ ಬೇರೆ ಬರಹಗಳ ಜೊತೆ ಶೇ. 34 ಹೋಲಿಕೆ ಬಂದಿದೆ, ಅದಕ್ಕೇ ಗೈಡ್ ಸಹಿ ಹಾಕುತ್ತಿಲ್ಲ ಅಂದಿದ್ದೀರಿ. ಬಹುಶಃ ಇದು ಸಾಹಿತ್ಯ ಸಮೀಕ್ಷೆಯ (ಹಿಂದಿನ ಅಧ್ಯಯನಗಳ ಪರಿಶೀಲನೆಯ) ಅಧ್ಯಾಯದ ಕೆಲಸ. ಹೆಚ್ಚಿನವರಿಗೆ ಏಟು ಬೀಳುವುದು ಅಲ್ಲೇ. ಗಾಬರಿ ಬೇಡ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮದಂತೆ ಶೇ. 10ರವರೆಗೆ ತೊಂದರೆಯಿಲ್ಲ, 40ರವರೆಗೆ ತಿದ್ದಿ ಕೊಡಬಹುದು. ಗಡುವು ಗರಿಷ್ಠ 6 ತಿಂಗಳು.

ಮೊದಲು ಆ ತಪಾಸಣೆಯ ಪೂರ್ತಿ ವರದಿ ಕೇಳಿ ಪಡೆಯಿರಿ, ಮೊದಲ ಪುಟ ಸಾಲದು. ಗ್ರಂಥಋಣ, ಪರಿವಿಡಿ, ಕೃತಜ್ಞತೆ, ಆಕರ ಕೊಟ್ಟ ಉದ್ಧರಣೆಗಳನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಹಿಡಿದಿದ್ದರೆ ಲೈಬ್ರರಿಯವರಿಗೆ ಹೇಳಿ, ಅವನ್ನು ಬಿಟ್ಟು ಮತ್ತೆ ಚೆಕ್ ಮಾಡಿಸಿ. ಎಷ್ಟು ಇಳಿಯುತ್ತದೆ ಅನ್ನುವುದು ವರದಿ ನೋಡದೆ ಹೇಳಲಾಗದು.

ವರದಿಯಲ್ಲಿ ಹೋಲಿಕೆ ಅಂತ ಬಣ್ಣ ಹಚ್ಚಿ ತೋರಿಸಿದ ಉಳಿದ ಸಾಲುಗಳಲ್ಲಿ ಸುಮ್ನೆ ಪದ ಬದಲಿಸುತ್ತಾ ಕೂರಬೇಡಿ. ‘ಹೇಳಿದ್ದಾರೆ’ ಇದ್ದದ್ದನ್ನು ‘ಅಭಿಪ್ರಾಯಪಟ್ಟಿದ್ದಾರೆ’ ಮಾಡಿದರೆ ಉಳಿದ ವಾಕ್ಯ ಹಾಗೇ ಇರುತ್ತದೆ ಅಲ್ವಾ? ಮೂಲ ಪುಸ್ತಕ ಮುಚ್ಚಿಡಿ. ಆ ಲೇಖಕರ ವಾದವೇನು, ನಿಮ್ಮ ಪ್ರಶ್ನೆಗೆ ಅದು ಎಲ್ಲಿ ಸಾಲದು ಅಂತ ಮೂರ್ನಾಲ್ಕು ಸಾಲು ಬರೆಯಿರಿ. ಆಮೇಲೆ ಪುಸ್ತಕ ತೆರೆದು, ಸರಿಯಿದೆಯಾ ನೋಡಿ, ಪುಟ ಸಂಖ್ಯೆ ಹಾಕಿ. ಅಧ್ಯಾಯ ಅರ್ಧಕ್ಕೆ ಇಳಿದರೂ ಪರವಾಗಿಲ್ಲ, ಓದೋಕೆ ಚೆನ್ನಾಗಿರುತ್ತದೆ.

ನಿಮ್ಮದೇ ಪ್ರಕಟಿತ ಲೇಖನದ ಜೊತೆ ಹೋಲಿಕೆ ತೋರಿಸುತ್ತಿದ್ದರೆ ಅಡಿಟಿಪ್ಪಣಿಯಲ್ಲಿ ಅದನ್ನು ಹೇಳಿ. ಇದಕ್ಕೆ ವಿನಾಯಿತಿ ಒಂದೊಂದು ವಿವಿಯಲ್ಲಿ ಒಂದೊಂದು ಥರ. ಪಿಎಚ್‌ಡಿ ವಿಭಾಗದಲ್ಲಿ ವಿಚಾರಿಸಿಬಿಡಿ.