ಊರಿಂದ ಬಂದ ಕನ್ನಡ ಫೈಲ್ ಮುಂಬೈಯ ನಮ್ಮ ಲ್ಯಾಪ್‌ಟಾಪಿನಲ್ಲಿ ಚಿತ್ರವಿಚಿತ್ರ ಅಕ್ಷರವಾಗಿ ಕಾಣುತ್ತದೆ, ಯಾಕೆ?

ಫೈಲ್ ಕೆಟ್ಟಿಲ್ಲ. ಅದನ್ನು ಟೈಪ್ ಮಾಡಿದ, ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟ್ ನಿಮ್ಮ ಲ್ಯಾಪ್‌ಟಾಪಿನಲ್ಲಿ ಇಲ್ಲ, ಅಷ್ಟೇ.

ಆ ಫಾಂಟ್‌ಗಳಲ್ಲಿ ಫೈಲಿನೊಳಗೆ ಉಳಿಯುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತಗಳೇ. ಅವುಗಳ ಮೇಲೆ ಕನ್ನಡದ ಆಕಾರ ಬರೆಯುವುದು ಫಾಂಟು. ವೇಷ ಕಳಚಿದರೆ ಒಳಗಿನವನು ಕಾಣುತ್ತಾನೆ, ಅಲ್ವಾ? ಯುನಿಕೋಡ್ ಎಂಬ ಈಗಿನ ಸಂಕೇತ ಪದ್ಧತಿಯಲ್ಲಿ ಹೀಗಾಗುವುದಿಲ್ಲ, ಅಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಕೇತವಿದೆ.

ವರ್ಡ್‌ನಲ್ಲಿ ಆ ಸಾಲಿನ ಮೇಲೆ ಕ್ಲಿಕ್ ಮಾಡಿ, ಮೇಲಿನ ಫಾಂಟ್ ಡಬ್ಬಿ ನೋಡಿ. ಫಾಂಟ್ ಇಲ್ಲದಿದ್ದರೂ ಅದರ ಹೆಸರು ಅಲ್ಲಿರುತ್ತದೆ. ಅದನ್ನೇ ಹಾಕಿಕೊಂಡರೆ ಓದಬಹುದು. ತಿದ್ದುವುದಿದ್ದರೆ ಯುನಿಕೋಡ್‌ಗೆ ಪರಿವರ್ತಿಸಿ. ನುಡಿ, ಬರಹ ಎರಡರಲ್ಲೂ ಆ ಸೌಲಭ್ಯವಿದೆ. ಆಮೇಲೆ ಒಮ್ಮೆ ಕಣ್ಣಾಡಿಸಲೇಬೇಕು: ಅರ್ಕಾವತ್ತು ಜಾಗ ತಪ್ಪಬಹುದು, ನಡುವೆ ಇದ್ದ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡವಾಗಬಹುದು.

ಮಾಟುಂಗಾದ ಯಾವುದೋ ಅಂಗಡಿಯಲ್ಲಿ ಪ್ರಿಂಟ್ ತೆಗೆಸುವುದಷ್ಟೇ ಇದ್ದರೆ ಸುಮ್ನೆ ಇಷ್ಟೆಲ್ಲ ಬೇಡ. ಕಳಿಸಿದವರಿಗೇ ಪಿಡಿಎಫ್ ಮಾಡಿ ಕಳಿಸಲು ಹೇಳಿ. ಪಿಡಿಎಫ್ ಸಾಮಾನ್ಯವಾಗಿ ಫಾಂಟನ್ನೂ ಜೊತೆಗೇ ತರುತ್ತದೆ.